ಜಿಮ್ ಫಾರ್ಮಿನಾಗ ಇಲ್ಲದ ಪ್ರಶ್ನೆ

ವಿಜಯಪುರ
16 ನವೆಂಬರ್ 2024, ಶನಿವಾರ

ನನ್ನ ತಮ್ಮ ಜಿಮ್ಮಿಗೆ ಹೋಗಾಕ ಹತ್ತಿ ಎರಡು ತಿಂಗಳಾತು. ವಯಸ್ಸು 38. ಸೇರೂ ಮುಂದ ಹೆಸರು, ಫೋನ್ ನಂಬರ್, ಫೀ ಮೂರು ತಿಂಗಳದ್ದೋ ವರ್ಷದ್ದೋ, ಇಷ್ಟ ಕೇಳಿದ್ದು. ನಮ್ಮ ಅಪ್ಪಾಗ 49ಕ್ಕ ಹಾರ್ಟ್ ಅಟ್ಯಾಕ್ ಆಗಿತ್ತು, ಅದನ್ನ ಯಾರೂ ಕೇಳಲಿಲ್ಲ, ಇವನೂ ಹೇಳಲಿಲ್ಲ.

ಬುಧವಾರ ರಾತ್ರಿ ಊಟಕ್ಕ ಕುಂತಾಗ ಅಂದ, ಅಕ್ಕಾ, ಟ್ರೆಡ್‌ಮಿಲ್ ಮ್ಯಾಲೆ ಓಡಿದ್ರ ಎದಿ ಬಿಗದಂಗ ಆಗತೈತಿ, ನಿಂತ್ರ ಹೋಗತೈತಿ, ಗ್ಯಾಸ್ ಇರಬೇಕು ಅಂತ. ನನಗ 2021ರ ಅಕ್ಟೋಬರ್ 29 ನೆನಪಾತು, ಪುನೀತ್ ಹೋದ ದಿನ, 46 ವಯಸ್ಸು, ಆವಾಗ ಎಲ್ಲಾರೂ ಜಿಮ್ಮಿಗೇ ಬೈದ್ರು. ಜಿಮ್ ಮಾಡಿದ್ದಕ್ಕ ಹಾರ್ಟಿನ ನಾಳದಾಗ ಬ್ಲಾಕ್ ಆಗಂಗಿಲ್ಲ, ದಿನಾ ವ್ಯಾಯಾಮ ಮಾಡೂದು ಹಾರ್ಟಿಗೆ ಚಲೋನ, ಆದ್ರ ಒಳಗ ಮೊದಲ ಬ್ಲಾಕ್ ಇದ್ದು ಒಮ್ಮೆಲೆ ಭಾರ ಎತ್ತಿದ್ರ ಅಪಾಯ.

ಇವತ್ತ ಡಾಕ್ಟರ್ ಕಡೆ ಕರಕೊಂಡ ಹೋದೆ. ಹೋದ ವರ್ಷ ಇಸಿಜಿ ನಾರ್ಮಲ್ ಬಂದಿತ್ರಿ ಅಂತ ತಮ್ಮ ವಾದ ಮಾಡಿದ. ಡಾಕ್ಟರ್ ಸಮಾಧಾನದಿಂದ ಹೇಳಿದ್ರು, ಇಸಿಜಿ ತಗಿಯೂದು ನೀವು ಸುಮ್ನ ಮಲಗಿದ್ದಾಗ, ಆವಾಗ ಹಾರ್ಟಿಗೆ ರಕ್ತ ಕಡಿಮಿ ಸಾಕು, ಸಣ್ಣಗಾದ ನಾಳದಾಗೂ ಹರಿತೈತಿ, ಓಡಿದಾಗ ಸಾಕಾಗಂಗಿಲ್ಲ, ಅದಕ್ಕ ಎದಿ ಬಿಗಿತೈತಿ. ಆಮ್ಯಾಲೆ ಒಂದೊಂದ ಕೇಳಿದ್ರು. ಗುಟ್ಕಾ? ಶುಗರ್? ಬಿಪಿ ನೋಡಿದ್ರು, 148/94. ಅಪ್ಪಾಗ ಇಲ್ಲಾ ಅಣ್ಣತಮ್ಮಂದ್ರಿಗೆ 55ರೊಳಗ, ಅವ್ವಗ ಇಲ್ಲಾ ಅಕ್ಕತಂಗೇರಿಗೆ 65ರೊಳಗ ಹಾರ್ಟಿಂದು ಆಗಿದ್ರ ಅದನ್ನ ಲೆಕ್ಕಕ್ಕ ಹಿಡಿಯಲೇಬೇಕಂತ. ಕೊಲೆಸ್ಟ್ರಾಲ್ ಜೋಡಿ ಲೈಪೋಪ್ರೋಟೀನ್ ಎ ಅಂತ ರಕ್ತದಾಗಿನ ಕೊಬ್ಬಿಂದ ಇನ್ನೊಂದು ಟೆಸ್ಟ್ ಬರದುಕೊಟ್ಟಾರ, ಅದು ಹುಟ್ಟಿನಿಂದನ ಬರೂದು, ಜೀವನದಾಗ ಒಮ್ಮೆ ನೋಡಿದ್ರ ಸಾಕಂತ. ಎಕೋ, ಅಂದ್ರ ಹಾರ್ಟಿನ ಸ್ಕ್ಯಾನ್, ಇವತ್ತ ಆತು, ಸೋಮವಾರ ಟಿಎಂಟಿ, ಅಂದ್ರ ಟ್ರೆಡ್‌ಮಿಲ್ ಮ್ಯಾಲೆ ನಡಿಸಿ ಇಸಿಜಿ ನೋಡೂದು. ಅಲ್ಲಿತನಕ ಜಿಮ್ ಬಂದ್, ಸುಮ್ನ ಕುಂತಾಗೂ ಎದಿ ಬಿಗದ್ರ ಸೋಮವಾರದ ದಾರಿ ನೋಡಬ್ಯಾಡ್ರಿ, ಸೀದಾ 108ಕ್ಕ ಫೋನ್ ಹಚ್ಚರಿ ಅಂದಾರ.

ಬರೂ ಮುಂದ ಜಿಮ್ಮಿನಾಗ ಇಳದೆ. ಟ್ರೇನರ್ ಹುಡುಗ 26-27 ಇರಬೇಕು. ಈ ಪ್ರಶ್ನೆ ಫಾರ್ಮಿನಾಗ ಹಾಕ್ರಿ ಅಂತ ಹೇಳಿದೆ, ಎದಿ ನೋವು, ತಲಿ ಸುತ್ತಿ ಬಿದ್ದದ್ದು, ಬಿಪಿ, ಮನ್ಯಾಗ ಯಾರಿಗಾರ ಹಾರ್ಟಿಂದು. ಅಂವ ಪೆನ್ ತಗೊಂಡು ಬರಕೋತ ಬಂದಾಂವ ಕಡೀದಕ್ಕ ನಿಂತ.

"ನಮ್ಮ ಅಪ್ಪಾಗೂ ಆಗೇತ್ರಿ ಅಕ್ಕಾರ. 51ಕ್ಕ."