ಆ ಸದ್ದು ತೆಗಿ ಮಾರಾಯ್ತಿ

ಭಾನುವಾರ ದೊಡ್ಡಮ್ಮನ ಮನೆಯಲ್ಲಿ ‘2018’ ಹಾಕಿದ್ದು ಅಣ್ಣ. ಕೇರಳದ 2018ರ ಪ್ರವಾಹದ ಮೇಲೆ 2023ರಲ್ಲಿ ಬಂದ ಮಲಯಾಳಂ ಸಿನಿಮಾ. ಅಣ್ಣ ಒಳ್ಳೆಯವನೇ. ಆದರೆ ಯಾರ ಮುಂದೆ ಏನು ಹಾಕಬೇಕು ಅಂತ ಯೋಚಿಸುವವನಲ್ಲ. ಮನೆ ಇರುವುದು ಶಿವಮೊಗ್ಗದ ಕುಂಬಾರಗುಂಡಿಯ ಹತ್ತಿರ. 2019ರ ಆಗಸ್ಟ್‌ನಲ್ಲಿ ತುಂಗೆ ದೊಡ್ಡಮ್ಮನ ಅಡುಗೆಮನೆಗೇ ಬಂದಿದ್ದಳು.

ನೀರು ನುಗ್ಗುವ ದೃಶ್ಯ ಬಂತು. ಸಂಗೀತ ಜೋರಾಯಿತು.

“ಆ ಸದ್ದು ತೆಗಿ ಮಾರಾಯ್ತಿ. ನೀರು ಹಂಗೆಲ್ಲ ಕೂಗ್ಕೊಂಡು ಬರಲ್ಲ,” ಅಂದರು ದೊಡ್ಡಮ್ಮ.

ರಿಮೋಟ್ ನನ್ನ ಕೈಲಿತ್ತು. ಸದ್ದು ತೆಗೆದೆ. ಆಮೇಲೆ ನಾನು ಸಿನಿಮಾ ನೋಡಲಿಲ್ಲ, ದೊಡ್ಡಮ್ಮನನ್ನೇ ನೋಡುತ್ತಿದ್ದೆ. ಮೆಲ್ಲಗೆ ಎರಡೂ ಕಾಲು ಎತ್ತಿ ಕುರ್ಚಿಯ ಮೇಲೆ ಇಟ್ಟುಕೊಂಡರು.

ಅವರ ಮನೆಗೆ ನೀರು ಬಂದದ್ದು ಬಾಗಿಲಿನಿಂದ ಅಲ್ಲ, ಬಚ್ಚಲ ತೂಬಿನಿಂದ. ಯಾರೋ ನಲ್ಲಿ ನಿಲ್ಲಿಸಿಲ್ಲ ಅಂದುಕೊಂಡು ಎದ್ದರಂತೆ. ಚಪ್ಪಲಿ ತೇಲುತ್ತಿತ್ತು.

ಆ ಸಿನಿಮಾ ಬೇಡವಾಗಿತ್ತು ಅಂತ ನಾನು ಹೇಳಲಾರೆ. ಕೇರಳದಲ್ಲಿ ಆಗ 400ಕ್ಕೂ ಹೆಚ್ಚು ಜನ ಸತ್ತರು. ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೆ ಹೇರಿಕೊಂಡು ಹೋಗಿ ಎಷ್ಟೋ ಜನರನ್ನು ಉಳಿಸಿದರು. ಅದನ್ನು ತೋರಿಸಲೇಬೇಕು. ಅದೇ ಮಳೆಗೆ ನಮ್ಮ ಕೊಡಗಿನಲ್ಲೂ ಗುಡ್ಡ ಕುಸಿದಿತ್ತು. ಆದರೆ ಪ್ರವಾಹಕ್ಕೂ ಸಿನಿಮಾಕ್ಕೂ ನಡುವಿನ ಐದು ವರ್ಷ ಜಾಸ್ತಿ ಸಮಯವೇನಲ್ಲ, ಅಲ್ವಾ? ದೊಡ್ಡಮ್ಮನ ಗೋಡೆಗೆ ಎರಡು ಸಲ ಬಣ್ಣ ಹೊಡೆಸಿದರೂ ನೀರಿನ ಗೆರೆ ಮತ್ತೆ ಎದ್ದು ಕಾಣುತ್ತದೆ. ನಾಳೆ ನಮ್ಮೂರ ಹತ್ತಿರದ ಹುಣಸೋಡಿನ ಕಲ್ಲು ಕ್ರಷರ್ ಬಳಿ ಆದ ಸ್ಫೋಟದ ಮೇಲೂ ಯಾರಾದರೂ ಸಿನಿಮಾ ಮಾಡಬಹುದು. 2021ರ ಜನವರಿ 21ರ ರಾತ್ರಿ ಭೂಕಂಪ ಅಂತ ನಾವೆಲ್ಲ ಬೀದಿಗೆ ಓಡಿದ್ದೆವು. ಮಾಡುವವರು ಮೊದಲು ಇಲ್ಲಿ ಬಂದು ಒಂದಷ್ಟು ದಿನ ಸುಮ್ನೆ ಕೂತು ಕೇಳಲಿ.

ಕೊನೆಗೆ ಹೆಸರುಗಳು ಬರತೊಡಗಿದವು.

“ಮುಗೀತಾ? ಕೆಸರು ತೆಗೆಯೋದು ತೋರಿಸಲೇ ಇಲ್ವಲ್ಲ!”

ಅಣ್ಣ ಉತ್ತರ ಕೊಡಲಿಲ್ಲ. ನನಗೂ ಬಾಯಿ ಬರಲಿಲ್ಲ. ನೀರು ಇಳಿದ ಮೇಲೆ ಹನ್ನೊಂದು ದಿನ ಆ ಮನೆಯಿಂದ ಕೆಸರು ಹೊರಗೆ ಹಾಕಿದ್ದೇವೆ. ಅಕ್ಕಿ ಮೂಟೆ ಕೊಳೆತು ನಾರುತ್ತಿತ್ತು. ಮದುವೆ ಫೋಟೋ ಒಣಗಲಿ ಅಂತ ಪೇಪರ್ ಮೇಲೆ ಹರಡಿದ್ದೆವು. ಎತ್ತುವಾಗ ದೊಡ್ಡಪ್ಪನ ಮುಖ ಪೇಪರಿಗೇ ಅಂಟಿಕೊಂಡು ಬಂತು. ದೊಡ್ಡಪ್ಪ ಹೋಗಿ ಆಗಲೇ ಮೂರು ವರ್ಷವಾಗಿತ್ತು. ಆ ಪೇಪರನ್ನು ದೊಡ್ಡಮ್ಮ ಇನ್ನೂ ಮಡಿಚಿ ಇಟ್ಟಿದ್ದಾರೆ.

ನಿನ್ನೆ ಫೋನ್ ಮಾಡಿದ್ದೆ. ಗಾಜನೂರಿನ ತುಂಗಾ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರಂತೆ. “ಹೊಳೆಯೊಳಗಿನ ಮಂಟಪ ಇನ್ನೂ ಕಾಣ್ತಿದೆ, ಹೆದರ್ಬೇಡ,” ಅಂದರು. ಬಚ್ಚಲ ತೂಬಿಗೆ ಮಾತ್ರ ಹಳೇ ಸೀರೆ ತುರುಕಿದ್ದಾರಂತೆ.