ಸ್ಕೀ ಊರಿನ ಹೋಟೆಲ್: ಮೊದಲು ಬೂಟಿನ ಕೋಣೆ ವಿಚಾರಿಸಿ

ಹೊಸ ಕಾಲದ, ಸದಾ ಗಲಗಲ ಎನ್ನುವ ಸ್ಕೀ ಹೋಟೆಲ್‌ಗಳ ಫೋಟೊಗಳು ಹೆಚ್ಚುಕಮ್ಮಿ ಒಂದೇ ಥರ. ಲಾಬಿಯಲ್ಲಿ ಬೆಂಕಿಗೂಡು, ಬಣ್ಣಬಣ್ಣದ ಸೋಫಾ, ಮೂಲೆಯಲ್ಲಿ ಡಿಜೆ. ಬೂಟು ಇಡುವ ಕೋಣೆಯ ಫೋಟೊ ಹಾಕುವವರು ಕಡಿಮೆ. ಆದರೆ ನಿಮ್ಮ ದಿನ ಹೇಗಿರುತ್ತದೆ ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ.

ಸ್ಕೀ ಬೂಟಿಗೆ ಹೊರಗೆ ಗಟ್ಟಿ ಪ್ಲಾಸ್ಟಿಕ್ ಕವಚ, ಒಳಗೆ ಮೆತ್ತನೆಯ ಲೈನರ್. ಸಂಜೆಯ ಹೊತ್ತಿಗೆ ಬೆವರಿಗೆ ಲೈನರ್ ಒದ್ದೆಯಾಗಿರುತ್ತದೆ. ತಣ್ಣನೆ ಜಾಗದಲ್ಲಿ ಬಿಟ್ಟರೆ ತೇವ ಆರುವುದಿಲ್ಲ, ಕವಚ ಸೆಟೆದುಕೊಂಡು ಬೆಳಿಗ್ಗೆ ಎಷ್ಟು ಒತ್ತಿದರೂ ಹಿಮ್ಮಡಿ ಒಳಗಿಳಿಯುವುದಿಲ್ಲ. ಹಾಗಂತ ರೂಮಿನ ಹೀಟರ್ ಮೇಲಿಟ್ಟರೆ ಬೂಟಿನ ಆಕಾರವೇ ಕೆಡಬಹುದು. ಬೂಟಿನೊಳಗೆ ಬೆಚ್ಚನೆ ಗಾಳಿ ಊದುವ ಗೂಟಗಳಿವೆಯೇ, ರೂಮಿನ ಪ್ರತಿಯೊಬ್ಬರಿಗೂ ಒಂದು ಜೊತೆ ಸಿಗುತ್ತದೆಯೇ ಎಂದು ಬುಕ್ ಮಾಡುವ ಮುಂಚೆಯೇ ಇಮೇಲ್ ಹಾಕಿ ಕೇಳಿ. ಆ ಕೋಣೆಯಿಂದ ಮೆಟ್ಟಿಲಿಲ್ಲದೆ ಹೊರಗೆ ಹೋಗುವಂತಿದ್ದರೆ ಇನ್ನೂ ಒಳ್ಳೆಯದು. ಸ್ಕೀ ಬೂಟಿನಲ್ಲಿ ಕಣಕಾಲು ಮಡಚಲು ಆಗುವುದಿಲ್ಲ, ಒದ್ದೆ ಮೆಟ್ಟಿಲಿನ ಮೇಲೆ ಜಾರುವುದು ಬಲು ಸುಲಭ.

ಸ್ಕೀ ಮಾಡುವವರನ್ನು ಇಳಿಜಾರಿನ ಮೇಲಕ್ಕೆ ಒಯ್ಯುವುದು ಲಿಫ್ಟು. 'ಲಿಫ್ಟಿಗೆ 300 ಮೀಟರ್' ಎಂದು ಬರೆದಿದ್ದರೆ ಆ ದಾರಿ ಏರೋ ಇಳಿಜಾರೋ ನೋಡಿ. ನಕ್ಷೆಯಲ್ಲಿ ಎತ್ತರದ ಗೆರೆಗಳನ್ನು ತೆರೆದರೆ ಗೊತ್ತಾಗುತ್ತದೆ. ಬಾಗಿಲಿನವರೆಗೂ ಸ್ಕೀ ಮಾಡಿಕೊಂಡೇ ಬರಬಹುದು ಅನ್ನುವ ಮಾತನ್ನೂ ತಿಂಗಳು ನೋಡಿ ನಂಬಿ. ದಕ್ಷಿಣಕ್ಕೆ ಮುಖಮಾಡಿದ ತಗ್ಗಿನ ಇಳಿಜಾರಿನಲ್ಲಿ ಮಾರ್ಚ್ ಕೊನೆಗೆ ಹಿಮ ಕರಗಿ ಮಣ್ಣು ಕಾಣಿಸಿಕೊಳ್ಳಬಹುದು. ಫ್ರಾನ್ಸಿನ ವಾಲ್ ಥೋರಾನ್ಸ್ ಊರೇ 2,300 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಈ ಚಿಂತೆ ಕಡಿಮೆ. ಆದರೆ ಅಷ್ಟು ಎತ್ತರದಲ್ಲಿ ಮೊದಲ ಒಂದೆರಡು ರಾತ್ರಿ ಕೆಲವರಿಗೆ ನಿದ್ದೆ ಸರಿಯಾಗಿ ಹತ್ತುವುದಿಲ್ಲ. ಸ್ವಿಟ್ಜರ್ಲೆಂಡಿನ ಜೆರ್ಮಾಟ್‌ಗೆ ಪ್ರವಾಸಿಗರ ಕಾರು ಬಿಡುವುದಿಲ್ಲ. ಹತ್ತಿರದ ಟೇಶ್ ಊರಿನಲ್ಲಿ ಕಾರು ನಿಲ್ಲಿಸಿ ರೈಲು ಹತ್ತಬೇಕು, ಹೆಚ್ಚೆಂದರೆ ಕಾಲು ಗಂಟೆಯ ದಾರಿ. ಸ್ಟೇಷನ್ನಿನಿಂದ ಲಗೇಜು ಸಾಗಿಸಲು ಹೋಟೆಲಿನವರು ಎಲೆಕ್ಟ್ರಿಕ್ ಗಾಡಿ ಕಳಿಸುತ್ತಾರೋ ಇಲ್ಲವೋ ಕೇಳಿಕೊಳ್ಳಿ.

ಇನ್ನು ಗದ್ದಲ. ಲಿಫ್ಟುಗಳು ನಿಲ್ಲುವ ಹೊತ್ತಿಗೆ, ಅಂದರೆ ಸಂಜೆ ನಾಲ್ಕರ ಸುಮಾರಿಗೆ, ಬಾರಿನಲ್ಲಿ ಸಂಗೀತ ಏರುತ್ತದೆ. ಆ ಗಮ್ಮತ್ತಿಗಾಗಿಯೇ ಅಲ್ಲವೇ ಇಂಥ ಹೋಟೆಲ್ ಹುಡುಕುವುದು! ಮಧ್ಯರಾತ್ರಿಯ ನಂತರ ಮಾತ್ರ ಅದು ನಿಮ್ಮ ದಿಂಬಿನವರೆಗೆ ಬರಬಾರದು. ಮಾತಿನ ಸದ್ದನ್ನು ಕಿಟಕಿ ತಡೆಯುತ್ತದೆ, ಆದರೆ ಸಂಗೀತದ ಬೇಸ್‌ನ, ಅಂದರೆ ತಗ್ಗು ದನಿಯ, ಗುದ್ದು ಕಾಂಕ್ರೀಟಿನೊಳಗೇ ಹರಿದು ಮೇಲೇರುತ್ತದೆ. ಬಾರಿನಿಂದ ಎರಡು ಮೂರು ಮಹಡಿ ಮೇಲೆ, ಕಟ್ಟಡದ ಇನ್ನೊಂದು ತುದಿಯ ರೂಮ್ ಕೇಳಿ. ಇಳಿಜಾರಿನ ಕಡೆ ಕಿಟಕಿಯಿದ್ದರೆ ನೋಟ ಚೆಂದ, ಆದರೆ ಕತ್ತಲಾದ ಮೇಲೆ ಹಿಮ ಹದಮಾಡುವ ಯಂತ್ರಗಳು ದೀಪ ಹಾಕಿಕೊಂಡು ಅಲ್ಲೇ ಓಡಾಡುತ್ತವೆ. ರಸ್ತೆ ಕಡೆಯಾದರೆ ನಸುಕಿನಲ್ಲೇ ಹಿಮ ತಳ್ಳುವ ಗಾಡಿ.

ಇಂಥ ಕಡೆ ರೂಮು ಚಿಕ್ಕದಿರುತ್ತದೆ. 16 ಚದರ ಮೀಟರಿನಲ್ಲಿ ಇಬ್ಬರ ಜಾಕೆಟ್, ಪ್ಯಾಂಟ್, ಹೆಲ್ಮೆಟ್, ಗ್ಲೌಸ್ ಎಲ್ಲ ಆರಬೇಕು. ಫೋಟೊದಲ್ಲಿ ಗೋಡೆಯ ಕೊಕ್ಕೆಗಳನ್ನು ಎಣಿಸಿ. ಆರಕ್ಕಿಂತ ಕಡಿಮೆಯಿದ್ದರೆ ಒದ್ದೆ ಬಟ್ಟೆ ಕುರ್ಚಿಯ ಮೇಲೆ ಬೀಳುತ್ತದೆ. ಸ್ನಾನದ ಮನೆಗೆ ಬರೀ ಗಾಜಿನ ಗೋಡೆ ಇಟ್ಟಿರುವುದೂ ಉಂಟು, ಗೆಳೆಯರೊಂದಿಗೆ ರೂಮ್ ಹಂಚಿಕೊಳ್ಳುವವರು ಅದನ್ನೂ ನೋಡಿಕೊಳ್ಳಿ.