ಗಾಜಿಗೆ ಅಂಟಿಕೊಂಡ ವಾಚು

ಪಿತೃಪಕ್ಷ ಬಂತೆಂದರೆ ಮೈಸೂರಿನ ಸ್ಟುಡಿಯೋಗಳಿಗೆ ಅಜ್ಜ, ಮುತ್ತಜ್ಜಂದಿರ ಸೀಸನ್. ಎಡೆ ಇಡಲು ಫೋಟೋ ಬೇಕಲ್ವಾ. ಕಪಾಟಿನ ಮೇಲಿಂದ, ಟ್ರಂಕಿನ ತಳದಿಂದ ಎಲ್ಲ ಹೊರಗೆ ಬರುತ್ತವೆ. ನಮ್ಮ ಸ್ಟುಡಿಯೋದಲ್ಲಿ ಆ ರಾಶಿ ಬೀಳುವುದು ನನ್ನ ಟೇಬಲ್ ಮೇಲೆ.

ಹೋದ ವರ್ಷ ಮಹಾಲಯ ಅಮಾವಾಸ್ಯೆಗೆ ಎರಡೇ ದಿನ ಇದ್ದಾಗ ಮಂಡ್ಯ ಕಡೆಯ ಹುಡುಗನೊಬ್ಬ ಒಂದು ಫ್ರೇಮ್ ತಂದ. ಅಜ್ಜ ಕುರ್ಚಿಯಲ್ಲಿ ಕೂತಿದ್ದಾರೆ, ಅಜ್ಜಿ ಪಕ್ಕದಲ್ಲಿ ನಿಂತಿದ್ದಾರೆ. 'ಅಜ್ಜಿ ಇನ್ನೂ ಇದ್ದಾರೆ ಸಾರ್, ತಾತನ್ನ ಮಾತ್ರ ಬಿಡಿಸಿ. 12x18, ಲ್ಯಾಮಿನೇಷನ್, ನಾಳೆ ಸಂಜೆ ಎಂಟಕ್ಕೆ' ಅಂದ. ಓನರ್ ನನ್ನ ಮುಖ ಕೂಡ ನೋಡದೆ ಬಿಲ್ ಬುಕ್ಕಿನಲ್ಲಿ ಬರೆದುಬಿಟ್ಟರು.

ಫೋಟೋ ಮಾತ್ರ ಸೊಗಸಾಗಿತ್ತು. ಹಾಫ್ ಪ್ಲೇಟ್ ಸೈಜು. ಹಿಂದೆ ಪರದೆಯ ಮೇಲೆ ಬರೆದ ಅರಮನೆ ಮೆಟ್ಟಿಲು, ಕಂಬ, ದೂರದಲ್ಲೊಂದು ಕೆರೆ. ಅಜ್ಜನಿಗೆ ಮೇಲೆ ಕೋಟು, ಕೆಳಗೆ ಕಚ್ಚೆಪಂಚೆ, ಬರಿಗಾಲು. ಎಡಗೈ ಮೊಣಕಾಲ ಮೇಲೆ. ವಾಚು ಕಾಣಲಿ ಅಂತ ಕೋಟಿನ ತೋಳನ್ನು ಒಂದಿಷ್ಟು ಮೇಲೆ ಎಳೆದಿದ್ದಾರೆ. ಅಜ್ಜಿಗೆ ಪಫ್ ತೋಳಿನ ರವಿಕೆ. ಕಪ್ಪು ಬಿಳುಪು ಪ್ರಿಂಟಿನ ಮೇಲೆ ಯಾರೋ ಕುಂಚ ಹಿಡಿದು ಬಣ್ಣ ಹಚ್ಚಿದ್ದರು. ಕೆನ್ನೆಗೆ ಗುಲಾಬಿ, ಸೀರೆ ಅಂಚಿಗೆ ಹಸಿರು, ಸರಕ್ಕೂ ವಾಚಿಗೂ ದಪ್ಪಗೆ ಹಳದಿ. ಕಪ್ಪು ಜಾಗಗಳಲ್ಲಿ ಪ್ರಿಂಟಿನೊಳಗಿನ ಬೆಳ್ಳಿ ಮೇಲೆದ್ದು ಓರೆಯಾಗಿ ನೋಡಿದರೆ ನೀಲಿ ಹೊಳಪು ಹೊಡೆಯುತ್ತಿತ್ತು. ಫ್ರೇಮಿನ ಹಿಂದಿನ ರಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ 1958 ಅಂತ ಇತ್ತು.

ಸಮಸ್ಯೆ ಏನೆಂದರೆ, ಫೋಟೋಗೂ ಗಾಜಿಗೂ ನಡುವೆ ಮೌಂಟ್, ಅಂದರೆ ಅಂತರ ಇಡುವ ರಟ್ಟಿನ ಚೌಕಟ್ಟು, ಹಾಕಿರಲಿಲ್ಲ. ಅರವತ್ತು ಮಳೆಗಾಲದ ತೇವಕ್ಕೆ ಫೋಟೋದ ಮೇಲ್ಪದರದ ಜೆಲಾಟಿನ್ ಮೆತ್ತಗಾಗಿ ಅಲ್ಲಲ್ಲಿ ಗಾಜಿಗೇ ಕಚ್ಚಿಕೊಂಡಿತ್ತು. ಅಂಥದ್ದನ್ನು ಗಾಜಿನ ಸಮೇತ ಸ್ಕ್ಯಾನ್ ಮಾಡಬೇಕು, ಅದು ನನಗೂ ಗೊತ್ತು. ಆದರೆ ಗಾಜಿಗಿಂತ ಸ್ವಲ್ಪ ದೂರ ಇದ್ದದ್ದನ್ನೂ ಸ್ಪಷ್ಟವಾಗಿ ಹಿಡಿಯುತ್ತಿದ್ದ ನಮ್ಮ ಹಳೇ ಸಿಸಿಡಿ ಸ್ಕ್ಯಾನರ್ ಕೆಟ್ಟಾಗ ಓನರ್ ಅಗ್ಗದ ಸಿಐಎಸ್ ಸ್ಕ್ಯಾನರ್ ತಂದಿಟ್ಟಿದ್ದರು. ಪಾಸ್‌ಬುಕ್ ಜೆರಾಕ್ಸಿಗೆ ಅದು ಸರಿ. ಫೋಟೋ ಸ್ಕ್ಯಾನರಿನ ಗಾಜಿಗೇ ನೇರ ಒತ್ತಿಕೊಂಡಿರದಿದ್ದರೆ ಎಲ್ಲವೂ ಮಂಜು ಮಂಜು. ಒಂದು ಸಲ ಹಾಕಿ ನೋಡಿದೆ. ಅಜ್ಜ ಚಳಿಗಾಲದ ಬೆಳಗ್ಗೆ ಕೆಆರ್‌ಎಸ್ ನೋಡಿದ ಹಾಗೆ ಕಂಡರು.

ಮರುದಿನ ಸಂಜೆ ಆರೂವರೆ. ಕೌಂಟರಿನಲ್ಲಿ ಪಾಸ್‌ಪೋರ್ಟ್ ಫೋಟೋದವರು, ಒಳಗೆ ಆಲ್ಬಂ ಕರೆಕ್ಷನ್ನಿಗೆ ಬಂದ ಮದುವೆ ಮನೆಯವರು. ನಾನು ಹಿಂದಿನ ಮೊಳೆ ಕಿತ್ತು ರಟ್ಟು ತೆಗೆದೆ. ಒಂದು ಮೂಲೆ ಸಲೀಸಾಗಿ ಎದ್ದಿತು. ಅದೇ ನನ್ನನ್ನು ಕೆಡಿಸಿದ್ದು. ಇನ್ನೊಂದು ಮೂಲೆಯೂ ಎದ್ದಿತು. ಧೈರ್ಯ ಬಂತು. ಪರದೆ ಬಂತು, ಅಜ್ಜಿಯ ಸೆರಗು ಬಂತು, ಅಜ್ಜನ ಮುಖ ಕೂಡ ಚೂರೂ ಮುಕ್ಕಾಗದೆ ಬಂತು. ಉಸಿರು ಬಿಟ್ಟೆ. ಆಗ 'ಚರ್' ಅಂತ ಒಂದು ಸಣ್ಣ ಸದ್ದು, ಒಣಗಿದ ಈರುಳ್ಳಿ ಸಿಪ್ಪೆ ಎಳೆದ ಹಾಗೆ. ಪ್ರಿಂಟ್ ತಿರುಗಿಸಿ ನೋಡಿದೆ. ಅಜ್ಜನ ಮಣಿಕಟ್ಟಿನಲ್ಲಿ ಬಿಳೀ ಕಾಗದ. ವಾಚು ಗಾಜಿನ ಮೇಲೆ.

ಎಷ್ಟು ಹೊತ್ತು ಹಾಗೇ ಹಿಡಿದುಕೊಂಡಿದ್ದೆನೋ. ಕೌಂಟರ್ ಹುಡುಗ ಬಂದು ಇಣುಕಿ, ಏನೂ ಕೇಳದೆ ಹಾಗೇ ವಾಪಸ್ ಹೋದ. ಓನರ್ ನೋಡಿ, 'ಬಾಯಿ ಬಿಡಬೇಡ, ಟಚಪ್‌ನಲ್ಲಿ ಮುಚ್ಚು' ಅಂದರು.

ಗಾಜಿನ ಹಿಂದೆ ಬಿಳಿ ಹಾಳೆ ಇಟ್ಟು, ಎರಡೂ ಕಡೆಯಿಂದ ಓರೆಯಾಗಿ ಲೈಟ್ ಬಿಟ್ಟು, ಪ್ರತಿಬಿಂಬ ಬೀಳದ ಹಾಗೆ ಮೇಲೆ ಕಪ್ಪು ಬಟ್ಟೆ ಕಟ್ಟಿ, ಉಂಗುರದ ಕ್ಲೋಸಪ್ ತೆಗೆಯುವ ಮ್ಯಾಕ್ರೋ ಲೆನ್ಸ್ ಹಾಕಿ ಹೊಡೆದೆ. ವಾಚು ಮುಳ್ಳಿನ ಸಮೇತ ಬಂತು. ಆ ಖುಷಿ ಎರಡು ಸೆಕೆಂಡೂ ಇರಲಿಲ್ಲ. ಇದೇ ಕ್ಯಾಮೆರಾ, ಇದೇ ಲೆನ್ಸು ನಿನ್ನೆಯೂ ಇದೇ ಕಪಾಟಿನಲ್ಲಿತ್ತು. ಇಡೀ ಫ್ರೇಮನ್ನು ಬಿಚ್ಚದೆ ಹೀಗೇ ಹೊಡೆಯಬಹುದಿತ್ತು. ಸ್ಕ್ಯಾನರನ್ನು ಬೈಯುವುದರಲ್ಲಿ ಎಷ್ಟು ಮುಳುಗಿದ್ದೆನೆಂದರೆ ಅದು ತಲೆಗೇ ಬಂದಿರಲಿಲ್ಲ. ಈಗ ಯಾವುದೇ ಫ್ರೇಮ್ ಬರಲಿ, ಮೊದಲು ಕ್ಯಾಮೆರಾ. ಮೊಳೆ ಆಮೇಲೆ.

ಎಂಟಕ್ಕೆ ಹುಡುಗನ ಜೊತೆ ಅಜ್ಜಿಯೂ ಬಂದರು. ಅದನ್ನು ನಾನು ಎಣಿಸಿರಲಿಲ್ಲ. ಹೊಸ ಪ್ರಿಂಟ್ ಚೆನ್ನಾಗಿತ್ತು, ಸುಮ್ನೆ ಕೊಟ್ಟು ಕಳಿಸಿದ್ದರೆ ಆಗುತ್ತಿತ್ತು. ಆದರೆ ಹಳೇ ಫೋಟೋ ವಾಪಸ್ ಕೊಡಬೇಕಲ್ಲ, ಮಣಿಕಟ್ಟು ತೋರಿಸಿ ಹೇಳಿಬಿಟ್ಟೆ. ಓನರ್ ಕೆಮ್ಮಿದರು. ಹುಡುಗನ ಮುಖ ಕೆಂಪಾಯಿತು.

ಅಜ್ಜಿ ಗಾಜನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ ನಕ್ಕುಬಿಟ್ಟರು. 'ಅಯ್ಯೋ ಬುಡು ಮಗ, ಅದು ನಮ್ದಲ್ಲ ಕಣಪ್ಪ. ಸ್ಟುಡಿಯೋದವ್ರದ್ದು. ಕೋಟೂ ಅವ್ರದ್ದೇಯ. ಫೋಟೋ ಆಯ್ತಿದ್ದಂಗೆ ಬಿಚ್ಚುಸ್ಕಂಡ್ರು.'

ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ತಯಾರಾಗಲು ಶುರುವಾದದ್ದೇ 1961ರಲ್ಲಿ. 1958ರಲ್ಲಿ ವಾಚು ಅಂದರೆ ಫಾರಿನ್ ಮಾಲು. ರೈತರ ಕೈಗೆ ಅದು ಎಲ್ಲಿಂದ ಬರಬೇಕು? ಬಾಡಿಗೆ ಕೋಟು, ಪೌಡರ್ ಡಬ್ಬಿ, ಬಾಚಣಿಗೆ ಇಟ್ಟುಕೊಂಡಿದ್ದ ಕಸುಬಿನಲ್ಲೇ ಇದ್ದೂ ನಾನು ಆ ತೋಳು ಎಳೆದದ್ದನ್ನು ನೋಡಿ 'ಅನುಕೂಲಸ್ಥರು' ಅಂದುಕೊಂಡಿದ್ದೆ.

ಅಜ್ಜಿ ಹೊಸ ಪ್ರಿಂಟನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. 'ನನ್ ಚಪ್ಲಿ ಎಲ್ಲಿ?'

ಹಳೇ ಫೋಟೋದಲ್ಲಿ ಅವರ ಕಾಲ ಹತ್ತಿರ ತೇವ ಹೆಚ್ಚಾಗಿ ಕಂದುಗಟ್ಟಿತ್ತು. ಅಜ್ಜನನ್ನು ಬಿಡಿಸುವಾಗ ನಾನು ಆ ಕಡೆ ತಿರುಗಿಯೂ ನೋಡಿರಲಿಲ್ಲ. ದಸರಾಕ್ಕೆ ಬಂದ ದಿನ, ಬೆಳಗ್ಗೆ ಮಾರ್ಕೆಟ್ ಹತ್ತಿರ ಗಂಡ ಕೊಡಿಸಿದ್ದಂತೆ. ಅವರ ಜನ್ಮದ ಮೊದಲ ಚಪ್ಪಲಿ. ಜಂಬೂಸವಾರಿ ನೂಕಾಟದಲ್ಲಿ ಕಳೆದುಹೋದಾವು ಅಂತ ಕೈಯಲ್ಲಿ ಹಿಡಿದುಕೊಂಡೇ ನೋಡಿದರಂತೆ, ಸ್ಟುಡಿಯೋದಲ್ಲಿ ಮೆಟ್ಟಿಕೊಂಡರಂತೆ. 'ಅದ್ರಲ್ಲಿ ಅದೊಂದೇ ಕಣಪ್ಪ ನಮ್ದು.'

ಅಜ್ಜನ ಪ್ರಿಂಟ್ ಆ ರಾತ್ರಿಯೇ ಎಡೆಗೆ ಹೋಯಿತು. ಅಜ್ಜಿಯದಕ್ಕೆ ಬೇರೆ ಆರ್ಡರ್, ಪೂರ್ತಿ ಫೋಟೋ. ಓನರ್ ಅದಕ್ಕೂ ಬಿಲ್ ಹಾಕಿದರು ಬಿಡಿ. ನಾನು 400 ಪರ್ಸೆಂಟ್ ಜೂಮ್‌ನಲ್ಲಿ ಮೂರು ಸಂಜೆ ಕೂತು ಕಂದು ಕಲೆಯಡಿಯಿಂದ ಎಡಗಾಲಿನ ಎರಡು ಪಟ್ಟಿ, ಹೆಬ್ಬೆರಳಿನ ಉಂಗುಷ್ಟ ಬಿಡಿಸಿದೆ. ಬಲಗಾಲಿನದು ಅರ್ಧವೇ ಉಳಿದಿತ್ತು. ಎಡದ್ದನ್ನು ಕಾಪಿ ಮಾಡಿ ತಿರುಗಿಸಿ ಹಾಕೋಣ ಅಂತ ಕೈ ಹೋಯಿತು. ಹಾಕಲಿಲ್ಲ.